ಒಳಕೊಳವೆಯ ಬೆಸುಗೆ

ಅಜ್ಜಂಪುರ
14-10-1978

ತಮ್ಮ ದೇವೀರಪ್ಪನಿಗೆ,

ನಿನ್ನ ಬಾಯ್ಲರು ರೈಲಿನಲ್ಲಿ ಬಂದು, ಬಚ್ಚಲಲ್ಲಿ ಕೂತು, ಇವತ್ತಿಗೆ ನಾಲ್ಕು ದಿನ. ವಿಭೂತಿ ಹಚ್ಚಿ, ಕಾಯಿ ಒಡೆದು ಬೆಂಕಿ ಕೊಟ್ಟೆವು. ನಿಮ್ಮ ಭಾವನವರಂತೂ ಬೀದಿಯವರನ್ನೆಲ್ಲ ಕರೆದು, "ನನ್ನ ಭಾಮೈದ ಮಾಡಿರೋದು ಕಣ್ರೀ. ಮೇಲೆ ಒಂದ್ ಕೊಡ ತಣ್ಣೀರು ಸುರಿದ್ರೆ ಪಕ್ಕದ ನಲ್ಲೀಲಿ ಒಂದ್ ಕೊಡ ಬಿಸಿನೀರು" ಅಂತ ತೋರಿಸಿದ್ದೇ ತೋರಿಸಿದ್ದು. ತೋರಿಸುವುದೆಲ್ಲ ಚೆನ್ನಾಗಿದೆಯಪ್ಪ. ನೀರು ಮಾತ್ರ ಕಾಯುತ್ತಿಲ್ಲ.

ಉಗುರುಬೆಚ್ಚಗೆ ಬರುತ್ತದೆ, ಅಷ್ಟೇ. ಎರೆಯುವುದಕ್ಕೆ ಬರುವ ಹುಲಿಗೆಮ್ಮ ಮೊದಲ ದಿನವೇ ಕೈ ಅದ್ದಿ, "ಏನವ್ವಾ ಇದು, ಬಾಣಂತಿಗೆ ಎರೆಯೋ ನೀರಾ, ದನಕ್ಕೆ ಕುಡ್ಸೋ ನೀರಾ?" ಅಂದಳು. ನನಗೆ ತಲೆ ತಗ್ಗಿಸುವ ಹಾಗಾಯಿತು. ಹಳೆಯ ಹಂಡೆಯನ್ನು ಒಲೆಯ ಸಮೇತ ಕಿತ್ತು ಕೊಟ್ಟಿಗೆಯಲ್ಲಿ ಬೋರಲು ಹಾಕಿದ್ದಾಗಿದೆ, ಈಗ ಅದೂ ಇಲ್ಲ ಇದೂ ಇಲ್ಲ.

ಮಂಗಳ ಹೆತ್ತು ಇವತ್ತಿಗೆ ಒಂಬತ್ತು ದಿನ. ಗಂಡು ಕೂಸು. ನನ್ನ ಮಗಳ ಮೊದಲಿನ ಎರಡು ಕೂಸುಗಳೂ ಎರಡು ವಾರ ದಾಟಲಿಲ್ಲ ಅನ್ನುವುದು ನಿನಗೆ ಗೊತ್ತು. ತರೀಕೆರೆಯ ಬೀಗಿತ್ತಿ ಈ ಸಲ ಏನು ಹೇಳಿ ಕಳಿಸಿದ್ದಾಳೆ ಎಂಬುದನ್ನು ನಾನು ಬರೆಯುವುದಿಲ್ಲ. ಇದೊಂದು ಉಳಿಯಬೇಕು. ಬಾಣಂತಿಗೂ ಕೂಸಿಗೂ ಬಿಸಿನೀರೇ ಔಷಧಿ.

ಕೊಬ್ಬರಿ ವ್ಯಾಪಾರದ ಮನೆಯಲ್ಲಿ ಹುಟ್ಟಿ ತಗಡು ಬಡಿಯುವುದಕ್ಕೆ ಹೋದ ಅಂತ ಅಪ್ಪ ಸಾಯುವವರೆಗೂ ನಿನ್ನನ್ನು ಬೈದರು. ನೀನು ಅಂಗಡಿ ತೆಗೆದು ಮಾಡಿದ ಮೊದಲ ಬಾಯ್ಲರು ನಮ್ಮ ಮನೆಗೇ ಬರಲಿ ಅಂತ ಹಟ ಹಿಡಿದವಳು ನಾನು. ನನ್ನ ಮಾನ ಉಳಿಸು. ಉತ್ತರವನ್ನು ಕಾರ್ಡಿನಲ್ಲಿ ಬರೆಯಬೇಡ ಮಾರಾಯ. ನಮ್ಮ ಅಂಚೆ ಮುನಿಯಪ್ಪ ಅದನ್ನು ಓದಿ, ನನಗಿಂತ ಮೊದಲು ಬೀದಿಗೆ ಹೇಳುತ್ತಾನೆ.

ನಿನ್ನ ಅಕ್ಕ
ತೀರ್ಥಮ್ಮ

ಕಡೂರು
17-10-1978

ಅಕ್ಕಾ,

ನಿನ್ನ ಕಾಗದ ಓದಿ ಊಟ ಸೇರಲಿಲ್ಲ. ಇಲ್ಲಿಂದ ಕಳಿಸುವ ಮುಂಚೆ ಎರಡು ಸಲ ಕಾಯಿಸಿ ನೋಡಿದ್ದೆ, ಕೈ ಇಡಲಾಗದಷ್ಟು ಕಾದಿತ್ತು.

ಬಾಯ್ಲರಿನ ಒಳಗೆ ಏನಿದೆ ಅಂತ ಹೇಳುತ್ತೇನೆ, ಆಮೇಲೆ ತಪ್ಪು ಹುಡುಕುವುದು ಸುಲಭ. ನಡುವೆ ಬೆಂಕಿಯ ಕೊಳವೆ, ಸುತ್ತ ನೀರು. ಮೇಲಿನ ಲಾಳಿಕೆಗೆ ಸುರಿದ ತಣ್ಣೀರು ಒಂದು ಸಣ್ಣ ಒಳಕೊಳವೆಯಲ್ಲಿ ನೇರ ತಳಕ್ಕೆ ಇಳಿಯುತ್ತದೆ. ತಳದ ತಣ್ಣೀರು ಮೇಲಿನ ಬಿಸಿನೀರನ್ನು ದೂಡುತ್ತದೆ, ಅದು ನಲ್ಲಿಗೆ ಬರುತ್ತದೆ. ಅದಕ್ಕೇ ತಣ್ಣೀರನ್ನು ದಬದಬ ಅಂತ ಸುರಿಯಬಾರದು. ನಿಧಾನ ಸುರಿಯಿರಿ. ಸೌದೆ ಹಸಿಯಿದ್ದರೂ ಹೀಗೇ ಆಗುತ್ತದೆ, ತೆಂಗಿನ ಕರಟ ಹಾಕಿ ನೋಡಿ. ಹೊಗೆಕೊಳವೆಯಲ್ಲಿ ಮಸಿ ಕಟ್ಟಿದೆಯೇ ನೋಡಿಸು.

ಕೂಸು ಹೇಗಿದೆ? ಎರಡು ವಾರ ದಾಟಿದ ಕೂಡಲೇ ಒಂದು ಸಾಲು ಬರೆ. ಬಾಯ್ಲರಿನ ವಿಷಯ ಆಮೇಲೆ.

ದೇವೀರಪ್ಪ

ಅಜ್ಜಂಪುರ
22-10-1978

ದೇವೀರಪ್ಪಾ,

ಕೂಸಿಗೆ ಇವತ್ತು ಹದಿನೇಳನೇ ದಿನ. ದಾಟಿತು! ಮಂಗಳ ಬೆಳಿಗ್ಗೆ ಎದ್ದವಳು ಅದರ ಮೂಗಿನ ಹತ್ತಿರ ಬೆರಳು ಹಿಡಿದುಕೊಂಡು ಕೂತಿದ್ದಳು. ಹುಲಿಗೆಮ್ಮ, "ಬಿಡವ್ವ, ಇದು ಗಟ್ಟಿ ಪಿಂಡ, ಎರೆಯೋವಾಗ ಹೆಂಗೆ ಕಿರುಚ್ತೈತೆ ನೋಡು, ಅತ್ರೆ ಎದೆ ಗಟ್ಟಿಯಾಗ್ತೈತೆ" ಅಂದಳು.

ನೀನು ಹೇಳಿದ್ದನ್ನೆಲ್ಲ ಮಾಡಿದ್ದಾಯಿತು. ತಣ್ಣೀರನ್ನು ತೀರ್ಥ ಬಿಟ್ಟ ಹಾಗೆ ಬಿಟ್ಟೆವು. ಕರಟ ಒಂದು ಚೀಲ ಸುಟ್ಟೆವು. ಮಸಿ ತೆಗೆಯಲು ಹೋಗಿ ನಿಮ್ಮ ಭಾವ ಕರಡಿಯಾಗಿ ಬಂದರು. ನೀರು ಅಷ್ಟೇ ಬೆಚ್ಚಗೆ. ನಾನೂ ಮುಟ್ಟಿ ನೋಡಿದೆ. ಹದ ಮಾಡಲು ತಣ್ಣೀರು ಬೆರೆಸುವ ಮಾತೇ ಇಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಸೌದೆ ಹಸಿ, ಮಸಿ ಕಟ್ಟಿದೆ ಅಂತ ಅಲ್ಲಿ ಕೂತು ಬರೆಯಬೇಡ, ನೀನೇ ಬಾ.

ತೀರ್ಥಮ್ಮ

ಕಡೂರು
28-10-1978

ಅಕ್ಕಾ,

ಊರು ಮುಟ್ಟಿದೆ. ಕೊಟ್ಟ ಚಕ್ಕುಲಿ ಬೀರೂರು ದಾಟುವುದರೊಳಗೆ ಖಾಲಿ.

ನೀನು ಬೈದದ್ದು ಸರಿಯಾಗಿತ್ತು. ಒಳಕೊಳವೆಯ ಬೆಸುಗೆ ಬಿಟ್ಟಿತ್ತು, ರೈಲಿನಲ್ಲಿ ಎತ್ತಿ ಹಾಕುವಾಗ ಅದುರಿರಬೇಕು. ಸುರಿದ ತಣ್ಣೀರು ತಳಕ್ಕೆ ಇಳಿಯದೆ ಮೇಲೇ ಬಿಸಿನೀರಿನಲ್ಲಿ ಬೆರೆಯುತ್ತಿತ್ತು. ಈಗ ಹಿತ್ತಾಳೆಯ ಬೆಸುಗೆ ಹಾಕಿದ್ದೇನೆ. ಆನೆ ತುಳಿದರೂ ಬಿಡುವುದಿಲ್ಲ. ನನ್ನ ಎದುರಿಗೇ ನೀವೆಲ್ಲ ನೋಡಿದಿರಿ, ನಲ್ಲಿಯಲ್ಲಿ ಹಬೆ ಬಂತು.

ಹುಲಿಗೆಮ್ಮನನ್ನು ಎಷ್ಟು ವರ್ಷದ ಮೇಲೆ ನೋಡಿದೆ. ಕಾದ ಹೊಗೆಕೊಳವೆಗೆ ಅಂಗೈ ಊರಿಕೊಂಡು ನಿಂತು ನನ್ನ ಕೂಡ ಮಾತಾಡುತ್ತಿದ್ದಳು. ನಾನು "ಅಜ್ಜೀ, ಕೈ!" ಅಂದೆ. "ನಿಂಗೆ ಎರೆದ ಕೈ ಕಣ್ಲಾ ಇದು, ಕೆಂಡಾನೂ ಎತ್ತುತ್ತೆ" ಅಂತ ನಕ್ಕಳು. ನಮ್ಮ ಕಸುಬಿನವರಲ್ಲೂ ಅಂಥ ಕೈ ಇಲ್ಲ.

ಬಾಯ್ಲರು ನೋಡಿದ ನಿಮ್ಮ ಎದುರು ಮನೆಯವರು ತಮಗೂ ಒಂದು ಬೇಕೆಂದರು. ಇಲ್ಲಿ ಬೀರೂರಿನಿಂದಲೂ ಇಬ್ಬರು ಕೇಳಿದ್ದಾರೆ. ಅಪ್ಪ ಇದ್ದಿದ್ದರೆ ಒಂದು ಸಲ ನೋಡುತ್ತಿದ್ದರು.

ದೇವೀರಪ್ಪ

ಅಜ್ಜಂಪುರ
5-11-1978

ದೇವೀರಪ್ಪಾ,

ಹಬ್ಬ ಆಯಿತು. ನೀರು ತುಂಬುವ ದಿನ ಹಂಡೆ ತೊಳೆದು, ಕೆಮ್ಮಣ್ಣು ಸುಣ್ಣ ಬಳಿದು, ಹಾಗಲಬಳ್ಳಿ ಸುತ್ತುವ ಮನೆ ನಮ್ಮದು. ಈ ಸಲ ಬಳ್ಳಿಯನ್ನು ನಿನ್ನ ಬಾಯ್ಲರಿನ ಕುತ್ತಿಗೆಗೆ ಸುತ್ತಿದೆವು. ಬಿಸಿಗೆ ಅರ್ಧ ಗಂಟೆಯಲ್ಲಿ ಬಾಡಿ ಹೋಯಿತು.

ಬೇಸರ ಮಾಡಿಕೊಳ್ಳಬೇಡ, ಹುಲಿಗೆಮ್ಮ ಮತ್ತೆ ಅದೇ ರಾಗ ತೆಗೆದಿದ್ದಾಳೆ. "ದೇವೀರ ಇದ್ದ ದಿನ ವಸಿ ಕಾದಿತ್ತು ಕಣವ್ವ, ಈಗ ಅದೇ ಬೆಚ್ಚಗೆ" ಅನ್ನುತ್ತಾಳೆ. ಮಂಗಳನೋ ದಿನಾ "ಸುಡುತ್ತೆ ಸುಡುತ್ತೆ" ಅಂತ ಕೂಗುತ್ತಾಳೆ. ಈಗಿನ ಹುಡುಗಿಯರ ಮೈ ಬೆಣ್ಣೆ. ನಾವು ಬಾಣಂತಿಯರಾಗಿದ್ದಾಗ ಬೆನ್ನ ಚರ್ಮ ಸುಲಿದರೂ ಬಾಯಿ ಬಿಡುತ್ತಿರಲಿಲ್ಲ.

ಬಾಣಂತನ ಕೆಟ್ಟಿತು ಅಂತ ಬೀಗಿತ್ತಿಯ ಕಿವಿಗೆ ಬಿದ್ದರೆ ಮುಗಿಯಿತು. ಏನಾದರೂ ಮಾಡು.

ತೀರ್ಥಮ್ಮ

ಕಡೂರು
9-11-1978

ಅಕ್ಕಾ,

ಇದು ಯಾವ ನ್ಯಾಯ? ಹಾಗಲಬಳ್ಳಿ ಬಾಡಿತು ಅನ್ನುತ್ತೀಯ. ಮಂಗಳ ಸುಡುತ್ತದೆ ಅನ್ನುತ್ತಾಳೆ. ಹುಲಿಗೆಮ್ಮ ಒಬ್ಬಳು ಬೆಚ್ಚಗಿದೆ ಅನ್ನುತ್ತಾಳೆ. ಬಾಯ್ಲರು ಒಂದೇ, ನೀರು ಒಂದೇ. ನಾನು ಯಾರ ಮಾತು ಹಿಡಿದು ರಿಪೇರಿ ಮಾಡಲಿ?

ಬೆಂಕಿಯ ಜಾಲರಿಯನ್ನು ನಾಲ್ಕು ಬೆರಳು ಎತ್ತರಿಸಿದರೆ ನೀರು ಕುದಿಯುವವರೆಗೂ ಕಾಯುತ್ತದೆ. ಆದರೆ ಅದನ್ನು ಮಾಡಲು ನನಗೆ ಮನಸ್ಸಿಲ್ಲ, ಮನೆಯಲ್ಲಿ ಎಳೆಗೂಸು ಇದೆ. ನೀನೇ ಒಂದು ಸಲ ನಲ್ಲಿಯ ಕೆಳಗೆ ಕೈ ಹಿಡಿದು ನೋಡು. ನಿನ್ನ ಕೈ ಏನು ಹೇಳುತ್ತದೋ ಅದನ್ನು ಬರೆ, ಹಾಗೇ ಮಾಡುತ್ತೇನೆ.

ದೇವೀರಪ್ಪ

ಅಜ್ಜಂಪುರ
13-11-1978

ದೇವೀರಪ್ಪಾ,

ನಿನ್ನನ್ನು ಹೆತ್ತ ಹದಿನಾರನೇ ದಿನ ಅವ್ವ ತೀರಿಕೊಂಡಳು. ಆಗ ಹಿಡಿಯಷ್ಟಿದ್ದ ನಿನ್ನನ್ನು ಕಾಲ ಮೇಲೆ ಹಾಕಿಕೊಂಡು ಎರೆದು, ಒತ್ತಿ, ಮನುಷ್ಯನನ್ನಾಗಿ ಮಾಡಿದವಳು ಯಾರು? ಈ ಊರಿನಲ್ಲಿ ಅವಳು ಎರೆಯದ ಮೈ ಯಾವುದಿದೆ? ಅವಳು ಸಾಕು ಅಂದರೆ ಸಾಕು, ಬೇಕು ಅಂದರೆ ಬೇಕು. ಎರೆಯುವವಳು ನೀರು ನೋಡಿದ ಮೇಲೆ ಇನ್ನೊಬ್ಬರು ಕೈ ಅದ್ದುವುದು ಅಂದರೆ ಅವಳನ್ನು ಬಾಗಿಲಾಚೆ ನಿಲ್ಲಿಸಿದ ಹಾಗೆ.

ಆದರೂ ನೀನು ಬರೆದೆ ಅಂತ ನೋಡಿದೆ. ಬೆಚ್ಚಗಿದೆ. ಜಾಲರಿ ಎತ್ತರಿಸು. ಇನ್ನು ನನ್ನನ್ನು ಕೇಳಬೇಡ.

ಬಲಗೈ ಬೆರಳಿಗೆ ಬಟ್ಟೆ ಸುತ್ತಿದೆ, ರೊಟ್ಟಿ ಹಂಚು ತಾಕಿತು. ಅಕ್ಷರ ಡೊಂಕಾಗಿದ್ದರೆ ಹೊಂದಿಸಿಕೊಂಡು ಓದು.

ತೀರ್ಥಮ್ಮ

ತರೀಕೆರೆ
24-11-1978

ದೇವೀರಪ್ಪಾ,

ನೀನು ಜಾಲರಿ ಎತ್ತರಿಸಿ ಹೋದ ನಾಲ್ಕನೇ ದಿನ, ಅಂದರೆ ನಿನ್ನೆ, ಎರೆಯುವಾಗ ಕೂಸಿಗೆ ಸುಟ್ಟಿತು. ಸೊಂಟದಿಂದ ಕೆಳಗೆ. ನಲ್ಲಿಯಲ್ಲಿ ಕುದಿಯುವ ನೀರೇ ಬಂದಿದೆ. ಕಿರುಚಿತು, ದಿನಾ ಕಿರುಚುವುದೇ ಅಲ್ಲವೇ ಅಂದುಕೊಂಡೆವು.

ಇಲ್ಲಿನ ಆಸ್ಪತ್ರೆಯಲ್ಲಿದ್ದೇವೆ. ನಿಮ್ಮ ಭಾವ ನಿನ್ನ ಮೇಲೆ ಕೆಂಡವಾಗಿದ್ದಾರೆ. ಬರಬೇಡ.

ತೀರ್ಥಮ್ಮ

ಕಡೂರು
28-11-1978

ಅಕ್ಕಾ,

ಬರಬೇಡ ಅಂದರೂ ಬಂದಿದ್ದೆ. ಭಾವ ಆಸ್ಪತ್ರೆಯ ಬಾಗಿಲಲ್ಲೇ ತಡೆದರು. ಎಲ್ಲರ ಎದುರಿಗೆ, "ನಿನ್ನ ಡಬ್ಬ ನನ್ನ ಮೊಮ್ಮಗನ್ನ ಬೇಯಿಸ್ತಲ್ಲೋ" ಅಂದರು. ಕಿಟಕಿಯಿಂದ ನಿನ್ನ ಬೆನ್ನು ಕಾಣಿಸಿತು. ನೀನು ತಿರುಗಲಿಲ್ಲ.

ಕೂಸು ಹೇಗಿದೆ? ಒಂದು ಸಾಲು ಬರೆ. ಹೇಗಿದೆ ಅಂತಷ್ಟೇ.

ದೇವೀರಪ್ಪ

ಅಜ್ಜಂಪುರ
3-12-1978

ಮೊನ್ನೆ ಬೆಳಿಗ್ಗೆ ಹತ್ತು ಗಂಟೆಗೆ ಹೋಯಿತು. ಮೂರನೇ ತಿಂಗಳಿಗೆ ತೊಟ್ಟಿಲು ಶಾಸ್ತ್ರ ಅಂದುಕೊಂಡಿದ್ದೆವು, ಹೆಸರಿಟ್ಟಿರಲಿಲ್ಲ. ಮಣ್ಣು ಮಾಡುವಾಗ ಜಂಗಮರು ಹೆಸರು ಕೇಳಿದರು.

ಹಂಡೆಯನ್ನು ಮತ್ತೆ ಒಲೆಗೆ ಕೂರಿಸಿದ್ದೇವೆ. ಬಾಯ್ಲರನ್ನು ನಿಮ್ಮ ಭಾವ ಕಡೂರಿಗೆ ರೈಲಿಗೆ ಹಾಕಿಸಿದ್ದಾರೆ, ಬಿಡಿಸಿಕೊ.

ತೀರ್ಥಮ್ಮ

ಕಡೂರು
20-1-1979

ಅಕ್ಕಾ,

ಇದು ನಾನು ಬರೆಯುತ್ತಿರುವ ನಾಲ್ಕನೇ ಕಾಗದ. ಮೊದಲಿನ ಮೂರಕ್ಕೆ ನೀನು ಉತ್ತರ ಕೊಡಲಿಲ್ಲ. ಕೊಡು ಅಂತ ಕೇಳುವ ಮುಖವೂ ನನಗಿಲ್ಲ.

ನಿಮ್ಮ ಎದುರು ಮನೆಯವರು ಬೇಡ ಅಂದರು. ಬೀರೂರಿನವರೂ ಬೇಡ ಅಂದರು. ಸಂತೆಯಲ್ಲಿ ಒಬ್ಬ ನನ್ನನ್ನು ತೋರಿಸಿ, "ಕೂಸು ಬೇಯಿಸಿದ ಬಾಯ್ಲರ್ ಇವಂದೇ ಕಣ್ರೋ" ಅಂದ. ಅಂಗಡಿಗೆ ಈಗ ತೂತು ಬಿದ್ದ ಕೊಡ ತರುವವರೂ ಬರುತ್ತಿಲ್ಲ. ಕೈಯಲ್ಲಿ ಕೆಲಸವಿಲ್ಲದೆ ಕೂತರೆ ಆ ಕೂಸಿನ ಕಾಲು ಕಣ್ಣ ಮುಂದೆ ಬರುತ್ತದೆ. ನಾನು ನೋಡಿದ್ದು ಎರಡೇ ಸಲ. ಇಷ್ಟಿಷ್ಟೇ ಬೆರಳು.

ನಿನ್ನೆ ಆ ಬಾಯ್ಲರನ್ನು ಉಳಿ ಹಾಕಿ ಸೀಳಿದೆ. ಒಳಕೊಳವೆಯ ಬೆಸುಗೆ ಹಾಗೇ ಇದೆ, ಕೂದಲೆಳೆಯಷ್ಟೂ ಬಿಟ್ಟಿಲ್ಲ. ಅದರಲ್ಲಿ ತಪ್ಪಿರಲಿಲ್ಲ ಅಕ್ಕ. ಜಾಲರಿ ಎತ್ತರಿಸುವ ಮುಂಚೆಯೂ ನೀರು ಕಾದೇ ಬರುತ್ತಿತ್ತು. ನೀವು ಕುದಿಸು ಅಂದಿರಿ, ನಾನು ಕುದಿಸಿ ಕೊಟ್ಟೆ.

ಒಂದು ಮಾತು ಗಂಟಲಲ್ಲಿ ಬಿಸಿತುಪ್ಪವಾಗಿದೆ, ನುಂಗಲಾರೆ, ಉಗುಳಲಾರೆ. ಹುಲಿಗೆಮ್ಮ ಹೊಗೆಕೊಳವೆಗೆ ಕೈ ಊರಿ ನಿಂತಿದ್ದಳು ಅಂತ ಬರೆದಿದ್ದೆನಲ್ಲ. ಕೈ ತೆಗೆದಾಗ ಅಂಗೈಯ ಚರ್ಮ ಸ್ವಲ್ಪ ತಗಡಿಗೆ ಅಂಟಿಕೊಂಡಿತ್ತು. ನಾನು ನೋಡಿದೆ. ಗಟ್ಟಿ ಕೈ ಅಂತ ಹೊಗಳಿ ಸುಮ್ಮನಾದೆ. ಬಿಸಿಯ ಜೊತೆ ದಿನಾ ಬದುಕುವವನು ನಾನು, ನನಗಾದರೂ ಹೊಳೆಯಬೇಕಿತ್ತು.

ಆ ಕೈಗೆ ಬಿಸಿ ಗೊತ್ತಾಗುತ್ತದೆಯೇ ಅಕ್ಕಾ?

ದೇವೀರಪ್ಪ

ಅಜ್ಜಂಪುರ
9-4-1979

ತಮ್ಮ ದೇವೀರಪ್ಪನಿಗೆ,

ನಿನ್ನ ಜನವರಿಯ ಕಾಗದ ಅಕ್ಕಿ ಡಬ್ಬದಲ್ಲಿತ್ತು. ದಿನಾ ಅಕ್ಕಿ ತೆಗೆಯುವಾಗ ಕೈಗೆ ತಾಕುತ್ತಿತ್ತು.

ಹೋದ ವಾರ ದೊಡ್ಡರೋಗದ, ಅದೇ ಕುಷ್ಠದ, ತಪಾಸಣೆಯವರು ಮನೆಮನೆಗೆ ಬಂದಿದ್ದರು. ಹುಲಿಗೆಮ್ಮನ ತೋಳಿನ ಮೇಲೆ ಮಾಸಲು ಮಚ್ಚೆಗಳಿದ್ದವು. ಕಣ್ಣು ಮುಚ್ಚಿಸಿ, ಕೋಳಿ ಪುಕ್ಕ ಆಡಿಸಿ, ಎಲ್ಲಿ ಮುಟ್ಟಿದೆ ಹೇಳಜ್ಜಿ ಅಂದರು. ಸೂಜಿ ಚುಚ್ಚಿ ಕೇಳಿದರು. ಅಂಗೈ, ಬೆರಳು, ಮೊಣಕಾಲ ಕೆಳಗೆ, ಎಲ್ಲೂ ಅವಳಿಗೆ ಗೊತ್ತಾಗಲಿಲ್ಲ. ಎರಡು ಮೂರು ವರ್ಷದಿಂದ ಹೀಗಿರಬೇಕಂತೆ. ಮಾತ್ರೆ ನುಂಗಿದರೆ ವಾಸಿಯಾಗುತ್ತೆ, ಹೆದರಬೇಡ ಅಂದರು. ಅವಳ ಸೊಸೆ ಅವತ್ತೇ ತಟ್ಟೆ ಲೋಟ ಬೇರೆ ಇಟ್ಟಳು.

ಕೂಸಿಗೆ ಸುಟ್ಟ ದಿನ ಅವಳ ಕಾಲಿಗೂ ಬೊಬ್ಬೆ ಎದ್ದಿತ್ತು ಕಣೋ. ಕೂಸು ಮಲಗಿದ್ದು ಅದೇ ಕಾಲಿನ ಮೇಲೆ. ಸಂಜೆಯವರೆಗೂ ಅವಳಿಗೆ ಗೊತ್ತಿರಲಿಲ್ಲ. ಕೂಸಿನ ಸಂಕಟದಲ್ಲಿ ಯಾರು ಕಾಲು ನೋಡಿಕೊಳ್ಳುತ್ತಾರೆ ಅಂದುಕೊಂಡೆ. ಹಾಗೆ ಅಂದುಕೊಳ್ಳುವುದು ಸುಲಭವಾಗಿತ್ತು.

ಈಗ ನನ್ನದು ಹೇಳುತ್ತೇನೆ. ನಲ್ಲಿಯ ಕೆಳಗೆ ಕೈ ಹಿಡಿದು ನೋಡು ಅಂತ ನೀನು ಬರೆದಿದ್ದೆ. ನೋಡಿದೆ. ಸುಟ್ಟಿತು. ಎರಡು ಬೆರಳಿಗೆ ಬೊಬ್ಬೆ ಬಂತು. ರೊಟ್ಟಿ ಹಂಚು ಅಂತ ಬರೆದದ್ದು ಸುಳ್ಳು. ಆದರೆ ಅವಳು ಪಕ್ಕದಲ್ಲೇ ಕೂತು ಅದೇ ನೀರಿನಲ್ಲಿ ಮೊಣಕೈವರೆಗೂ ಅದ್ದಿ, "ಬೆಚ್ಚಗೈತೆ, ಅಲ್ವೇನವ್ವಾ?" ಅಂದಳು. ನನ್ನ ಕೈ ಮೆತ್ತಗಾಗಿದೆ, ಕೆಲಸಕ್ಕೆ ಬಾರದವಳಾಗಿದ್ದೇನೆ ಅನ್ನಿಸಿ ನಾಚಿಕೆಯಾಯಿತು. ಹೂಂ ಅಂದೆ. ಹೂಂ ಅಂದಿದ್ದನ್ನೇ ನಿನಗೂ ಬರೆದೆ. ನನ್ನ ಸ್ವಂತ ಕೈಯನ್ನು ನಾನು ನಂಬಲಿಲ್ಲ. ಇದನ್ನು ನಿಮ್ಮ ಭಾವನಿಗೆ ಹೇಳಿದೆ. ಆವತ್ತಿನಿಂದ ಅವರು ನನ್ನ ಕೂಡ ಮಾತಾಡಿಲ್ಲ. ಮಂಗಳನ ಹತ್ತಿರ ಹೇಳುವ ಧೈರ್ಯವಿಲ್ಲ. ಬೀಗರು ಅವಳನ್ನು ಕರೆಸಿಕೊಂಡಿಲ್ಲ. ಗೋಡೆ ನೋಡಿಕೊಂಡು ಕೂತಿರುತ್ತಾಳೆ.

ನಿನ್ನೆ ಹುಲಿಗೆಮ್ಮ ಹಿತ್ತಲ ಬಾಗಿಲಿಗೆ ಬಂದಳು. ಒಳಗೆ ಬಾ ಅಂದರೂ ಬರಲಿಲ್ಲ. ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡಿದ್ದಳು. "ತೀರ್ಥವ್ವಾ, ದಿಟ ಹೇಳು. ಅವತ್ತು ನೀರು ಮೊದ್ಲೇ ಕಾದಿತ್ತೇನವ್ವಾ? ನಾನೇ ಬೇಯಿಸಿಬಿಟ್ನೇನವ್ವಾ ಕೂಸ್ನ?"

ಹೌದು ಅಂದಿದ್ದರೆ ಅವಳು ಮನೆಗೆ ಹೋಗುತ್ತಿರಲಿಲ್ಲ, ನೆಟ್ಟಗೆ ಕೆರೆಗೆ ಹೋಗುತ್ತಿದ್ದಳು. ನನ್ನ ಬಾಯಿಂದ ಬಂದುಬಿಟ್ಟಿತು: "ಇಲ್ಲ ಕಣಜ್ಜಿ, ಬಾಯ್ಲರು ಕೆಟ್ಟಿತ್ತು." ಅವಳು ನಂಬಲಿಲ್ಲ. "ದೇವೀರನ್ನ ಕೇಳಿಸವ್ವ. ಅವ್ನು ಕಸುಬುದಾರ, ನಾನು ಎರೆದ ಮಗ, ನಂಗೆ ಸುಳ್ಳು ಹೇಳಾಕಿಲ್ಲ" ಅಂದು ಹೋದಳು.

ನಿನ್ನ ಹೆಸರು ಕೆಡಿಸಿದವಳು ನಾನು. ಇನ್ನೂ ಕೆಡಿಸಿಕೊ ಅಂತ ಕೇಳುವ ಬಾಯಿ ನನಗಿಲ್ಲ. ನಿಜ ಬರೆಯುವುದಾದರೆ ಬರೆ, ಅದು ನಿನ್ನ ಹಕ್ಕು. ನೀನು ಏನು ಬರೆದರೂ ಒಂದಕ್ಷರ ಬಿಡದೆ ಅವಳಿಗೆ ಓದಿ ಹೇಳುತ್ತೇನೆ.

ನಿನ್ನ ಅಕ್ಕ
ತೀರ್ಥಮ್ಮ

ಕಡೂರು
14-4-1979

ಹುಲಿಗಜ್ಜಿಗೆ ದೇವೀರ ಮಾಡುವ ಶರಣು.

ಇದನ್ನು ಅಕ್ಕ ಓದಿ ಹೇಳುತ್ತಾಳೆ. ಬಾಯ್ಲರನ್ನು ಸೀಳಿ ನೋಡಿದೆ ಅಜ್ಜಿ. ಒಳಕೊಳವೆಯ ಬೆಸುಗೆ ಪೂರ್ತಿ ಬಿಟ್ಟುಹೋಗಿತ್ತು. ಹಾಗಾದಾಗ ನೀರು ಮೊದಲು ಬೆಚ್ಚಗೆ ಬಂದು, ಒಮ್ಮೆಲೇ ಕುದಿನೀರು ನುಗ್ಗುತ್ತದೆ. ನೀನು ಕೈ ಅದ್ದಿದಾಗ ನೀರು ಬೆಚ್ಚಗೇ ಇತ್ತು. ನಿನ್ನ ಕೈ ಸರಿಯಾಗೇ ಹೇಳಿತ್ತು. ಬೆಸುಗೆ ಹಾಕಿದವನು ನಾನು, ತಪ್ಪು ನನ್ನದು.

ಅಂಗಡಿ ಮುಚ್ಚಿದ್ದೇನೆ. ನೀನು ಮಾತ್ರೆ ಬಿಡಬೇಡ. ಬೇಕೆಂದೇ ಕಾರ್ಡಿನಲ್ಲಿ ಬರೆದಿದ್ದೇನೆ. ಮುನಿಯಪ್ಪ ದಾರಿಯಲ್ಲೇ ಓದಿ ಬೀದಿಗೆಲ್ಲ ಹೇಳಲಿ.

ನೀನು ಎರೆದ ಮಗ
ದೇವೀರ